ಬಾವಿಯ ವಿಷ ಎಲ್ಲಿ ಹೋಯಿತು?

ಶಿರಾಳಕೊಪ್ಪದ ಸುತ್ತಿನ ಗದ್ದೆಗಳಲ್ಲಿ ನಾಟಿಯ ಕಾಲಕ್ಕೆ ಇಳಿದವರಿಗೆಲ್ಲ ಒಂದು ಅನುಭವವಾಗಿರುತ್ತದೆ. ಕೆಸರಿನಲ್ಲಿ ಹೂತ ಕಾಲನ್ನು ಮೇಲೆತ್ತಿದಾಗ ಗುಳುಗುಳನೆ ಗುಳ್ಳೆಗಳೇಳುತ್ತವೆ. ಹಿಂದೆಯೇ ಕೊಳೆತ ಎಲೆಯ ವಾಸನೆ ಬರುತ್ತದೆ. ನಮ್ಮ ರೈತರು ಇದನ್ನು ಕಂಡೂ ಕಾಣದಂತೆ ಮುಂದೆ ನಡೆಯುತ್ತಾರೆ; ಅವರಿಗೆ ಬೇರೆ ಕೆಲಸ ಬೇಕಾದಷ್ಟಿದೆ. ವಿಜ್ಞಾನದ ವಿದ್ಯಾರ್ಥಿ ಮಾತ್ರ ಅಲ್ಲಿ ಒಂದು ಗಳಿಗೆ ನಿಲ್ಲಬೇಕು. ಆ ಗುಳ್ಳೆಯಲ್ಲಿರುವ ಅನಿಲಗಳಲ್ಲಿ ಮೀಥೇನ್ ಮುಖ್ಯವಾದದ್ದು. ನೀರು ನಿಂತ ಮಣ್ಣಿನಲ್ಲಿ ಬೆರಳುದ್ದ ಕೆಳಗೆ ಹೋದರೆ ಸಾಕು, ಆಮ್ಲಜನಕ ಮುಗಿದುಹೋಗಿರುತ್ತದೆ. ಆದರೂ ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಬಾಳುತ್ತವೆ, ಉಸಿರಾಡುತ್ತವೆ. ಕೆಲವು ಕಬ್ಬಿಣದ ತುಕ್ಕಿನಿಂದ ಉಸಿರಾಡುತ್ತವೆ. ಕೆಲವು ಗಂಧಕದ ಲವಣಗಳಿಂದ. ಇನ್ನು ಕೆಲವು ಇಂಗಾಲಾಮ್ಲವನ್ನೇ ಬಳಸಿಕೊಂಡು ಈ ಮೀಥೇನನ್ನು ಹೊರಬಿಡುತ್ತವೆ.

ಇಂಥ ಜೀವಿಗಳನ್ನು ನಂಬಿ ಲೋಕದಲ್ಲಿ ಇಂದು ಒಂದು ಉದ್ಯಮವೇ ಬೆಳೆದಿದೆ. ಅಂತರ್ಜಲಕ್ಕೆ ಸೇರಿದ ವಿಷದ್ರಾವಕಗಳನ್ನು ಬ್ಯಾಕ್ಟೀರಿಯಗಳಿಂದ ಒಡೆಯಿಸಿ ನೀರನ್ನು ಶುದ್ಧಿಮಾಡುವುದು ಅದರ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬ್ಯಾಕ್ಟೀರಿಯಗಳು ಈ ಕೆಲಸವನ್ನು ಮಾಡಬಲ್ಲವು, ಅದರಲ್ಲಿ ಸಂಶಯವಿಲ್ಲ. ಆದರೆ ಇಂಥದೇ ಒಂದು ಬಾವಿಯಲ್ಲಿ ಮಾಡಿದವೇ ಎಂಬುದು ಬೇರೆ ಪ್ರಶ್ನೆ. ಆ ಪ್ರಶ್ನೆಗೆ ಪರೀಕ್ಷೆಯಿಲ್ಲದೆ ಉತ್ತರ ಕೊಡುವವರಿಗೆ ನಮ್ಮ ನಗರಸಭೆಗಳಾಗಲಿ ಪಂಚಾಯಿತಿಗಳಾಗಲಿ ಒಂದು ರೂಪಾಯಿಯನ್ನೂ ಕೊಡಬಾರದು.

ನೀರಿನ ವಿಷಯದಲ್ಲಿ ಈ ನಾಡು ಹಳೆಯದು. ಶಿರಾಳಕೊಪ್ಪದಿಂದ ಕೆಲವೇ ಮೈಲಿ ದೂರದ ತಾಳಗುಂದದಲ್ಲಿ ಕದಂಬರ ಕಾಲದ ಕಲ್ಲಿನ ಸ್ತಂಭವೊಂದು ನಿಂತಿದೆ. ಕುಬ್ಜನೆಂಬ ಕವಿ ರಚಿಸಿದ ಅದರ ಸಂಸ್ಕೃತ ಶಾಸನ ಕದಂಬರ ವಂಶದ ಕಥೆಯನ್ನು ಹೇಳುತ್ತ ಕೊನೆಗೆ ಬಂದು ನಿಲ್ಲುವುದು ಒಂದು ಕೆರೆಯ ಬಳಿಗೆ. ಕಾಕುಸ್ಥವರ್ಮ ಅಲ್ಲಿಯ ಶಿವಾಲಯದ ಸನಿಹದಲ್ಲಿ ಕಟ್ಟಿಸಿದ ಕೆರೆ. ಕೆರೆಯ ನೀರು ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಪಾಚಿ ಬೆಳೆಯುತ್ತದೆ, ಮೀನು ಸಾಯುತ್ತದೆ, ಊರೇ ಮಾತಾಡುತ್ತದೆ. ಇಂದು ಶಿಕಾರಿಪುರ, ಸೊರಬ ತಾಲೂಕುಗಳ ಜನ ಕೆರೆಯ ಜೊತೆಗೆ ಕೊಳವೆ ಬಾವಿಗಳನ್ನೂ ಅವಲಂಬಿಸಿದ್ದಾರೆ. ಜಂಬಿಟ್ಟಿಗೆಯನ್ನೂ ಅದರ ಕೆಳಗಿನ ಬಂಡೆಯನ್ನೂ ಕೊರೆದು, ಬಂಡೆಯ ಬಿರುಕುಗಳಲ್ಲಿರುವ ನೀರನ್ನು ಎತ್ತುವ ಬಾವಿಗಳು ಇವು. ಅಲ್ಲಿ ಏನಾಗುತ್ತಿದೆಯೆಂಬುದನ್ನು ಕಣ್ಣು ಹೇಳಲಾರದು.

ದ್ರಾವಕವೆಂದರೇನು? ಒಂದು ವಸ್ತುವನ್ನು ತನ್ನಲ್ಲಿ ಕರಗಿಸಿಕೊಳ್ಳುವ ದ್ರವ. ನೀರೂ ದ್ರಾವಕವೇ. ಆದರೆ ನೀರಿಗೆ ಬಗ್ಗದ ಎಣ್ಣೆ, ಜಿಡ್ಡು, ಮೇಣ, ಬಣ್ಣಗಳಿಗೆ ಬೇರೆ ದ್ರವಗಳು ಬೇಕು. ಬಣ್ಣ ಬಳಿಯುವವನ ಥಿನ್ನರ್, ಗ್ಯಾರೇಜಿನವನು ಗಿಯರನ್ನು ತೊಳೆಯುವ ಪೆಟ್ರೋಲು, ಕಾರ್ಖಾನೆಗಳಲ್ಲಿ ಲೋಹದ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್, ನೀರಿಲ್ಲದೆ ರೇಷ್ಮೆ ಉಣ್ಣೆಗಳನ್ನು ಒಗೆಯುವ ಅಂಗಡಿಯ ಪರ್ಕ್ಲೋರೋಎಥಿಲೀನ್ ಎಲ್ಲವೂ ಈ ಜಾತಿಯವು. ರೈತನ ಮನೆಯ ಸೂರಿನಲ್ಲಿ ಸಿಕ್ಕಿಸಿಟ್ಟ ಕೀಟನಾಶಕದ ಬಾಟಲಿಯಲ್ಲಿಯೂ ದ್ರಾವಕವುಂಟು. ನೀರಿಗೆ ಹಾಕಿದೊಡನೆ ಹಾಲಿನಂತೆ ಬೆಳ್ಳಗಾಗುವ ಔಷಧಿಗಳನ್ನು ನೋಡಿದ್ದೀರಷ್ಟೆ? ಅವುಗಳಲ್ಲಿ ವಿಷದ ಅಂಶವನ್ನು ಜೈಲೀನಿನಂಥ ದ್ರಾವಕದಲ್ಲಿ ಕರಗಿಸಿರುತ್ತಾರೆ. ಶಿರಾಳಕೊಪ್ಪದ ಬಾವಿಗಳೆಲ್ಲ ಕೆಟ್ಟಿವೆಯೆಂದು ನಾನು ಹೇಳುತ್ತಿಲ್ಲ. ಯಾವ ಪೇಟೆಯೂ ಈ ದ್ರವಗಳಿಂದ ದೂರವಿಲ್ಲವೆಂದು ಮಾತ್ರ ಹೇಳುತ್ತಿದ್ದೇನೆ.

ಇವುಗಳಲ್ಲಿ ಎರಡು ಪಂಗಡ. ಪೆಟ್ರೋಲು, ಬೆಂಜೀನ್, ಟಾಲುವೀನ್‌ಗಳು ನೀರಿಗಿಂತ ಹಗುರ. ಅಂತರ್ಜಲದ ಮೇಲೆ ತೇಲುತ್ತವೆ. ಕ್ಲೋರಿನ್ ಸೇರಿದ ದ್ರಾವಕಗಳು ನೀರಿಗಿಂತ ಭಾರ. ಅಂತರ್ಜಲವನ್ನು ತೂರಿಕೊಂಡು ಇಳಿದು, ಬಂಡೆಯ ಬಿರುಕಿನಲ್ಲಿ ಕುಳಿತು, ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಕರಗುತ್ತಿರುತ್ತವೆ. ಒಂದು ಲೆಕ್ಕ ಮಾಡೋಣ. ಒಂದು ಲೀಟರ್ ಟ್ರೈಕ್ಲೋರೋಎಥಿಲೀನಿನ ತೂಕ ಸುಮಾರು 1.46 ಕಿಲೋಗ್ರಾಂ. ಅಮೆರಿಕದ ನಿಯಮದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು 5 ಮೈಕ್ರೋಗ್ರಾಂ ಮೀರಬಾರದು. ಭಾಗಿಸಿ ನೋಡಿ: ಒಂದೇ ಒಂದು ಲೀಟರ್ ದ್ರಾವಕ ಸುಮಾರು 29 ಕೋಟಿ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಬಲ್ಲದು. ಒಂದು ಡಬ್ಬಿ ಮಗುಚಿದರೆ ಒಂದು ಕೆರೆಯೇ ಹೋಯಿತು.

ಇದು ಬರಿಯ ಲೆಕ್ಕವಲ್ಲ. ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ನೆಲೆಸಿರುವ ಕ್ಯಾಲಿಫೋರ್ನಿಯದ ಸ್ಯಾಂಟಾ ಕ್ಲಾರಾ ಪ್ರಾಂತದಲ್ಲಿ, ಸ್ಯಾನ್ ಹೋಸೆ ನಗರದ ಒಂದು ಸೆಮಿಕಂಡಕ್ಟರ್ ಕಾರ್ಖಾನೆಯ ನೆಲದಡಿಯ ತೊಟ್ಟಿಯಿಂದ ದ್ರಾವಕ ಸೋರಿ ಹತ್ತಿರದ ಕುಡಿಯುವ ನೀರಿನ ಬಾವಿಗೆ ಸೇರಿದ್ದು 1981ರಲ್ಲಿ ಬೆಳಕಿಗೆ ಬಂದಿತು. ಹೊಗೆಯಿಲ್ಲದ, ಆಸ್ಪತ್ರೆಯಷ್ಟು ಚೊಕ್ಕಟವಾದ ಉದ್ಯಮವೆಂದು ಎಲ್ಲರೂ ಹೊಗಳುತ್ತಿದ್ದ ಉದ್ಯಮ ಅದು! ಅಮೆರಿಕ ಸರಕಾರ ಶುದ್ಧೀಕರಣಕ್ಕೆಂದು ಪಟ್ಟಿಮಾಡಿರುವ ಅತಿ ಕಲುಷಿತ ಸ್ಥಳಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಆ ಒಂದೇ ಪ್ರಾಂತದಲ್ಲಿವೆ. ನಮ್ಮ ದೇಶದಲ್ಲಿ ಭೋಪಾಲವನ್ನು ನೆನೆದರೆ ಸಾಕು. 1984ರ ಅನಿಲ ದುರಂತದ ಬಳಿಕ ಕಾರ್ಖಾನೆಯ ಆವರಣದಲ್ಲಿ ಉಳಿದುಹೋದ ತ್ಯಾಜ್ಯದ ಸುತ್ತ, ಬಾವಿಗಳ ನೀರಿನಲ್ಲಿ ಕ್ಲೋರೋಫಾರಂ, ಕಾರ್ಬನ್ ಟೆಟ್ರಾಕ್ಲೋರೈಡುಗಳು ಇವೆಯೆಂದು ಗ್ರೀನ್‌ಪೀಸ್ ಸಂಸ್ಥೆಯ ವರದಿ 1999ರಲ್ಲಿ ಹೇಳಿತು. ಆ ಬಡಾವಣೆಗಳಿಗೆ ಬೇರೆ ಕಡೆಯಿಂದ ಶುದ್ಧವಾದ ನೀರನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಆಜ್ಞೆ ಮಾಡಬೇಕಾಯಿತು.

ಇನ್ನು ಬ್ಯಾಕ್ಟೀರಿಯಗಳಿಗೆ ಬರೋಣ. ಪೆಟ್ರೋಲಿನ ಜಾತಿಯ ದ್ರಾವಕಗಳು ಎಷ್ಟೋ ಬ್ಯಾಕ್ಟೀರಿಯಗಳಿಗೆ ಆಹಾರ. ಆಮ್ಲಜನಕ ದೊರೆತರೆ ಅವು ಬೆಂಜೀನನ್ನು ಇಂಗಾಲಾಮ್ಲವನ್ನಾಗಿಯೂ ನೀರನ್ನಾಗಿಯೂ ಮಾಡಿಬಿಡುತ್ತವೆ. ಕ್ಲೋರಿನ್ ಸೇರಿದವುಗಳ ಕಥೆ ಬೇರೆ. ಇಲ್ಲಿ ಬ್ಯಾಕ್ಟೀರಿಯ ದ್ರಾವಕವನ್ನು ತಿನ್ನುವುದಿಲ್ಲ, ಉಸಿರಾಡುತ್ತದೆ. ನಮಗೆ ಆಮ್ಲಜನಕ ಹೇಗೋ ಅದಕ್ಕೆ ಈ ದ್ರಾವಕ ಹಾಗೆ. ಜಲಜನಕದಿಂದ ಬಂದ ಎಲೆಕ್ಟ್ರಾನುಗಳನ್ನು ಅದಕ್ಕೆ ಒಪ್ಪಿಸಿ, ಒಂದೊಂದೇ ಕ್ಲೋರಿನ್ ಪರಮಾಣುವನ್ನು ಕಿತ್ತು, ಅದರ ಜಾಗದಲ್ಲಿ ಜಲಜನಕವನ್ನು ಕೂರಿಸುತ್ತದೆ. ಪರ್ಕ್ಲೋರೋಎಥಿಲೀನಿನಲ್ಲಿ ನಾಲ್ಕು ಕ್ಲೋರಿನ್. ಒಂದು ಹೋದರೆ ಟ್ರೈಕ್ಲೋರೋಎಥಿಲೀನ್, ಎರಡು ಹೋದರೆ ಡೈಕ್ಲೋರೋಎಥಿಲೀನ್, ಮೂರು ಹೋದರೆ ವಿನೈಲ್ ಕ್ಲೋರೈಡ್, ನಾಲ್ಕೂ ಹೋದರೆ ಬರಿಯ ಎಥಿಲೀನ್. ಕೊನೆಯದು ಬಾಳೆಗೊನೆಯನ್ನು ಹಣ್ಣುಮಾಡುವ ಅನಿಲ. ನೀರಿನಲ್ಲಿ ಚೂರುಪಾರು ಉಳಿದರೆ ಭಯವಿಲ್ಲ.

ಆದರೆ ಈ ಮೆಟ್ಟಿಲುಗಳನ್ನು ಪೂರ್ತಿಯಾಗಿ ಇಳಿಯಬಲ್ಲ ಬ್ಯಾಕ್ಟೀರಿಯಗಳು ವಿರಳ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇಥಾಕ ನಗರದ ಚರಂಡಿ ನೀರಿನ ಕೆಸರಿನಿಂದ ಅಂಥ ಒಂದನ್ನು ಬೇರ್ಪಡಿಸಿ 1997ರಲ್ಲಿ ಪ್ರಕಟಿಸಿದರು. ಈಗ ಅದಕ್ಕೆ ಡೀಹಾಲೊಕೊಕಾಯ್ಡಿಸ್ ಮೆಕಾರ್ಟಿಯೈ ಎಂದು ಹೆಸರು. ಉಳಿದ ಅನೇಕ ಬ್ಯಾಕ್ಟೀರಿಯಗಳು ನಡುವೆಯೇ ಕೈಚೆಲ್ಲುತ್ತವೆ. ನಡುವೆ ನಿಲ್ಲುವುದರ ಅಪಾಯವನ್ನು ಗಮನಿಸಿ. ವಿನೈಲ್ ಕ್ಲೋರೈಡ್ ಮನುಷ್ಯನಿಗೆ ಅರ್ಬುದ ರೋಗವನ್ನು ತರುವುದೆಂದು ಸಿದ್ಧವಾದ ವಸ್ತು. ಅಮೆರಿಕದ ನಿಯಮದಲ್ಲಿ ಅದರ ಮಿತಿ ಲೀಟರಿಗೆ 2 ಮೈಕ್ರೋಗ್ರಾಂ. ಮೂಲ ದ್ರಾವಕಕ್ಕಿಂತ ಬಿಗಿ. "ನಿಮ್ಮ ಬಾವಿಯಲ್ಲಿದ್ದ ಟ್ರೈಕ್ಲೋರೋಎಥಿಲೀನ್ ಪೂರ್ತಿ ಮಾಯವಾಯಿತು" ಎಂಬ ವರದಿ ಅಕ್ಷರಶಃ ನಿಜವಾಗಿರಬಹುದು. ನೀರು ಮೊದಲಿಗಿಂತ ಕೆಟ್ಟದ್ದೂ ಆಗಿರಬಹುದು.

ಹಾಗಾದರೆ ಪರೀಕ್ಷಿಸುವುದು ಹೇಗೆ? ಈ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದು ಪುಸ್ತಕದಿಂದಲ್ಲ, ಒಂದು ಅವಮಾನದಿಂದ. ಕೆಲವು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಹುಡುಗರ ಜೊತೆಗೂಡಿ ಒಂದು ಪ್ರಯೋಗ ಹೂಡಿದೆ. ಗದ್ದೆಯ ಕೆಸರು, ನೀರು, ಎರಡು ತೊಟ್ಟು ಥಿನ್ನರ್. ಬಾಟಲಿಗೆ ರಬ್ಬರಿನ ಬಿರಡೆ. ಹದಿನೈದು ದಿನಗಳ ಮೇಲೆ ತೆರೆದರೆ ವಾಸನೆಯೇ ಇಲ್ಲ. ಹುಡುಗರು ಚಪ್ಪಾಳೆ ತಟ್ಟಿದರು. ನಾನೂ ಸಂಘದ ಸಭೆಯಲ್ಲಿ ಒಂದು ಭಾಷಣ ಮಾಡುವಷ್ಟು ಉಬ್ಬಿದೆ. ಮೂಲೆಯಲ್ಲಿದ್ದ ಒಬ್ಬ ಹುಡುಗಿ ಮಾತ್ರ, "ಸರ್, ಬೇಯಿಸಿದ ಕೆಸರಿನ ಬಾಟಲಿಯನ್ನೂ ತೆರೆದು ನೋಡೋಣವೇ?" ಎಂದಳು. ಅದನ್ನು ಪ್ರೆಷರ್ ಕುಕ್ಕರಿನಲ್ಲಿ ಮೂರು ದಿನ ಬೇಯಿಸಿ ಜೀವಿಗಳನ್ನೆಲ್ಲ ಕೊಂದು, ಹಾಗೆಯೇ ಥಿನ್ನರ್ ಹಾಕಿ ಇಟ್ಟಿದ್ದೆವು, ಇಟ್ಟು ಮರೆತಿದ್ದೆವು. ತೆರೆದೆವು. ಅದರಲ್ಲಿಯೂ ವಾಸನೆಯಿರಲಿಲ್ಲ. ಥಿನ್ನರನ್ನು ತಿಂದದ್ದು ಬ್ಯಾಕ್ಟೀರಿಯಗಳಲ್ಲ, ರಬ್ಬರಿನ ಬಿರಡೆ! ರಬ್ಬರು ಇಂಥ ದ್ರಾವಕಗಳನ್ನು ಹೀರುತ್ತದೆ. ಉಳಿದದ್ದು ಸಂದಿಯಿಂದ ಆವಿಯಾಗಿ ಹೋಗಿತ್ತು. (ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿ ಮಾಡಹೋಗಬಾರದು. ದ್ರಾವಕವನ್ನು ಮೂಸಿ ನೋಡುವುದು ಆರೋಗ್ಯಕ್ಕೂ ಒಳ್ಳೆಯದಲ್ಲ, ಅಳತೆಗೋಲಾಗಿಯೂ ಸಲ್ಲದು.)

ಬೇಯಿಸಿದ ಕೆಸರಿನ ಆ ಬಾಟಲಿಯೇ ಇಡೀ ಪರೀಕ್ಷೆಯ ಜೀವ. ಗದ್ದೆಯ ಮಣ್ಣಿನ ಮೇಲೆಯೇ ಇದನ್ನು ಅಚ್ಚುಕಟ್ಟಾಗಿ ಮಾಡಿ ತೋರಿಸಿದವರಿದ್ದಾರೆ. ಫಿಲಿಪ್ಪೀನ್ಸ್ ದೇಶದ ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಕೇಂದ್ರದಲ್ಲಿ ರಘು ಮತ್ತು ಮೆಕ್ರೇ ಎಂಬ ಇಬ್ಬರು ವಿಜ್ಞಾನಿಗಳು 1966ರಲ್ಲಿ ಬಿ.ಎಚ್.ಸಿ.ಯ ಗಾಮಾ ರೂಪವನ್ನು ನೀರು ನಿಂತ ಗದ್ದೆಯ ಮಣ್ಣಿಗೆ ಸೇರಿಸಿ ಕಾದರು. ನಮ್ಮ ಹಿರಿಯರು ಪುಡಿಯಾಗಿ ಎರಚುತ್ತಿದ್ದ ಬಿ.ಎಚ್.ಸಿ.ಯೇ ಅದು, ಒಂದೊಂದು ಅಣುವಿನಲ್ಲಿ ಆರು ಕ್ಲೋರಿನ್, ನಮ್ಮ ದೇಶದಲ್ಲಿ 1997ರಲ್ಲಿ ನಿಷಿದ್ಧವಾಯಿತು. ಜೀವವಿದ್ದ ಮಣ್ಣಿನಲ್ಲಿ ಅದು ಕ್ರಮೇಣ ಇಲ್ಲವಾಯಿತು. ಜೀವಿಗಳನ್ನು ಕೊಂದ ಮಣ್ಣಿನಲ್ಲಿ ಉಳಿದುಕೊಂಡಿತು. ಎರಡನೆಯ ಸಲ ಸೇರಿಸಿದಾಗ ಜೀವವಿದ್ದ ಮಣ್ಣಿನಲ್ಲಿ ಇನ್ನೂ ಬೇಗ ಹೋಯಿತು. ಬಿರಡೆಗೆ ಹಸಿವು ಹೆಚ್ಚುವುದಿಲ್ಲ, ಬ್ಯಾಕ್ಟೀರಿಯಗಳಿಗೆ ಹೆಚ್ಚುತ್ತದೆ. ಇದಕ್ಕಿಂತ ಚೊಕ್ಕವಾದ ಸಾಕ್ಷ್ಯ ಬೇಕೆ?

ಬಾಟಲಿಯಲ್ಲಿ ಇಷ್ಟು ಸುಲಭವಾದದ್ದು ಬಾವಿಯಲ್ಲಿ ಕಷ್ಟ. ಬಾವಿಯನ್ನು ಕುಕ್ಕರಿನಲ್ಲಿಟ್ಟು ಬೇಯಿಸುವಂತಿಲ್ಲ. ಒಂದು ಮಳೆಗಾಲ ಕಳೆದರೆ ನೀರು ಬೆರೆತು ವಿಷದ ಪ್ರಮಾಣ ಅರ್ಧಕ್ಕಿಳಿಯಬಹುದು. ವಿಷ ಹರಿದು ಪಕ್ಕದ ತೋಟದ ಬಾವಿಗೆ ಹೋಗಿರಬಹುದು. ಜೇಡಿಗೆ ಅಂಟಿ ಕುಳಿತಿರಬಹುದು. ಇವುಗಳಲ್ಲಿ ಯಾವುದೂ ಶುದ್ಧಿಯಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಬರ್ಟ್ಸ್, ಮೆಕಾರ್ಟಿ, ಸೆಂಪ್ರಿನಿ ಮೊದಲಾದವರು 1980ರ ದಶಕದಲ್ಲಿ ಮೇಲೆ ಹೇಳಿದ ಸ್ಯಾಂಟಾ ಕ್ಲಾರಾ ಪ್ರಾಂತದಲ್ಲಿಯೇ, ಮೊಫೆಟ್ ಫೀಲ್ಡ್ ಎಂಬ ವಿಮಾನನೆಲೆಯಲ್ಲಿ, ಇದಕ್ಕೊಂದು ಉಪಾಯ ಹೂಡಿದರು. ದ್ರಾವಕದ ಜೊತೆಗೆ ಬ್ರೋಮೈಡ್ ಲವಣವನ್ನೂ ನೆಲದೊಳಕ್ಕೆ ಸೇರಿಸಿದರು. ಬ್ರೋಮೈಡನ್ನು ಬ್ಯಾಕ್ಟೀರಿಯಗಳು ಮುಟ್ಟುವುದಿಲ್ಲ, ಮಣ್ಣು ಹಿಡಿಯುವುದಿಲ್ಲ. ಮುಂದಿನ ಬಾವಿಯಲ್ಲಿ ಬ್ರೋಮೈಡ್ ಎಷ್ಟು ತೆಳುವಾಯಿತೋ ಅಷ್ಟು ಬೆರಕೆಯ ಫಲ. ದ್ರಾವಕ ಅದಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ಆ ಹೆಚ್ಚಿನ ಪಾಲು ಮಾತ್ರ ಬ್ಯಾಕ್ಟೀರಿಯಗಳ ಲೆಕ್ಕಕ್ಕೆ ಸಲ್ಲಬಹುದು. ಅವರು ಮೀಥೇನನ್ನೂ ಆಮ್ಲಜನಕವನ್ನೂ ಉಣಿಸಿ ಅಲ್ಲಿಯ ಬ್ಯಾಕ್ಟೀರಿಯಗಳನ್ನು ಬೆಳೆಸಿದರು. ವಿನೈಲ್ ಕ್ಲೋರೈಡಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕು ಭಾಗ ಒಡೆಯಿತು. ಟ್ರೈಕ್ಲೋರೋಎಥಿಲೀನಿನಲ್ಲಿ ಒಡೆದದ್ದು ಇಪ್ಪತ್ತು ಮೂವತ್ತು ಭಾಗ ಮಾತ್ರ. ಆ ಸಣ್ಣ ಸಂಖ್ಯೆಯನ್ನು ಅವರು ಮುಚ್ಚಿಡದೆ ಪ್ರಕಟಿಸಿದರು. ಆದ್ದರಿಂದಲೇ ದೊಡ್ಡ ಸಂಖ್ಯೆಯನ್ನೂ ನಾವು ನಂಬುತ್ತೇವೆ.

ಇನ್ನೂ ಸೂಕ್ಷ್ಮವಾದ ಸಾಕ್ಷಿಯೊಂದುಂಟು. ಇಂಗಾಲದ ಪರಮಾಣುಗಳಲ್ಲಿ 12ರ ತೂಕದವು ಹೆಚ್ಚು, 13ರವು ನೂರಕ್ಕೆ ಒಂದರಷ್ಟು. ಹಗುರ ಇಂಗಾಲದ ಬಂಧ ಸ್ವಲ್ಪ ಸುಲಭವಾಗಿ ಮುರಿಯುತ್ತದೆ. ಬ್ಯಾಕ್ಟೀರಿಯಗಳು ಒಡೆಯುತ್ತ ಹೋದಂತೆ ಉಳಿದ ದ್ರಾವಕದಲ್ಲಿ ಭಾರದ ಇಂಗಾಲದ ಪಾಲು ಏರುತ್ತದೆ. ನೀರು ಬೆರೆತು ತೆಳುವಾದರೆ ಈ ಪಾಲು ಬದಲಾಗುವುದಿಲ್ಲ. ಜರಡಿಯಲ್ಲಿ ಉಳಿದ ಕಾಳನ್ನು ನೋಡಿ ಜರಡಿ ಆಡಿದ್ದುಂಟೋ ಇಲ್ಲವೋ ಎಂದು ಹೇಳಿದಂತೆ ಇದು.

ಮೆಟ್ಟಿಲಿನ ನಡುವೆ ನಿಂತ ಕೆಲಸವನ್ನು ಮುಗಿಸಿದ ಉದಾಹರಣೆಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಡೆಲವೇರ್ ಸಂಸ್ಥಾನದ ಡೋವರ್ ವಿಮಾನನೆಲೆಯಲ್ಲಿ 1996ರಿಂದ ನಡೆದ ಪ್ರಯೋಗದಲ್ಲಿ ನೆಲದ ಬ್ಯಾಕ್ಟೀರಿಯಗಳಿಗೆ ಲ್ಯಾಕ್ಟೇಟ್ ಉಣಿಸಿದರು. 269 ದಿನ ಕಳೆದರೂ ಕೆಲಸ ಡೈಕ್ಲೋರೋಎಥಿಲೀನಿನಲ್ಲಿಯೇ ನಿಂತಿತ್ತು. ಅನಂತರ ಫ್ಲಾರಿಡದ ಒಂದು ಸ್ಥಳದಲ್ಲಿ ದೊರೆತಿದ್ದ ಬ್ಯಾಕ್ಟೀರಿಯಗಳ ಕೃಷಿಯನ್ನು ತಂದು ಸೇರಿಸಿದರು. 509ನೆಯ ದಿನದ ಹೊತ್ತಿಗೆ ಎಲ್ಲವೂ ಎಥಿಲೀನಾಗಿತ್ತು. ಹೊರಗಿನ ಬ್ಯಾಕ್ಟೀರಿಯಗಳನ್ನು ಸೇರಿಸುವುದು ಮೋಸವಲ್ಲ. ಆದರೆ ಅಲ್ಲಿ ಯಾವುದರ ಕೊರತೆಯಿದೆಯೆಂಬುದನ್ನು ಒಂಬತ್ತು ತಿಂಗಳು ಅಳೆದು ತಿಳಿದಮೇಲೆ ಸೇರಿಸಿದರು. ಅಂಗಡಿಯ ಚೀಟಿಯನ್ನು ನೋಡಿ ಅಲ್ಲ.

ನನ್ನ ಜಗಳವಿರುವುದು ಈ ಅಂಗಡಿಯ ಚೀಟಿಯ ಜೊತೆಗೆ. ಕೆರೆಗೆ, ಚರಂಡಿಗೆ, ಶೌಚಗುಂಡಿಗೆ ಸುರಿಯಲು ಸೂಕ್ಷ್ಮಾಣುಗಳ ಪುಡಿಯನ್ನೂ ದ್ರಾವಣವನ್ನೂ ಮಾರುವವರು ಇಂದು ಹಲವರಿದ್ದಾರೆ. ಸುರಿದಮೇಲೆ ನೀರು ತಿಳಿಯಾಯಿತೆಂದು ಚಿತ್ರ ತೆಗೆದು ತೋರಿಸುತ್ತಾರೆ. ಸುರಿಯದ ಕೆರೆಯ ಚಿತ್ರವೆಲ್ಲಿ? ಕೇಳಿದರೆ ಉತ್ತರವಿಲ್ಲ. ನಾಳೆ ಇದೇ ಸರಕು ಕೊಳವೆ ಬಾವಿಯ ಬಾಯಿಗೆ ಬರದೆಂದು ಹೇಗೆ ನಂಬುವುದು? ಬಾವಿಯಲ್ಲಿ ಅಪಾಯ ಹೆಚ್ಚು. ಬ್ಯಾಕ್ಟೀರಿಯಗಳಿಗೆ ಆಹಾರವೆಂದು ಕಾಕಂಬಿಯನ್ನೋ ಎಣ್ಣೆಯನ್ನೋ ನೆಲದೊಳಕ್ಕೆ ಇಳಿಸಿದಾಗ ಆಮ್ಲಜನಕವೆಲ್ಲ ತೀರಿ, ಕಲ್ಲಿನಲ್ಲಿ ಭದ್ರವಾಗಿದ್ದ ಕಬ್ಬಿಣ, ಮ್ಯಾಂಗನೀಸ್, ಕೆಲವೆಡೆ ಪಾಷಾಣದ ಆರ್ಸೆನಿಕ್ ಕೂಡ ನೀರಿಗೆ ಬಿಡುಗಡೆಯಾಗುವುದುಂಟು. ಒಂದು ವಿಷವನ್ನು ಕಳೆಯಹೋಗಿ ಇನ್ನೊಂದನ್ನು ಬರಮಾಡಿಕೊಂಡಂತಾಗುತ್ತದೆ.

ಇದರ ಇನ್ನೊಂದು ಮುಖ ನನಗೆ ಮೊದಲನೆಯದಕ್ಕಿಂತ ಹೆಚ್ಚು ಅಸಹ್ಯ. "ಪ್ರಕೃತಿಯೇ ಎಲ್ಲವನ್ನೂ ಶುದ್ಧಿಮಾಡಿಕೊಳ್ಳುತ್ತದೆ, ನೆಲದಲ್ಲಿ ಬ್ಯಾಕ್ಟೀರಿಯಗಳಿವೆಯಲ್ಲ" ಎಂದು ಹೇಳಿ ಸೋರುವ ತೊಟ್ಟಿಯನ್ನು ಹಾಗೆಯೇ ಬಿಡುವವರ ಮಾತು ಅದು. ಬ್ಯಾಕ್ಟೀರಿಯ ಯಾರ ಆಳೂ ಅಲ್ಲ. ತನ್ನ ಬದುಕಿಗೆ ಅನುಕೂಲವಾದಷ್ಟು ಮಾಡುತ್ತದೆ. ಅನುಕೂಲ ತಪ್ಪಿದಲ್ಲಿ ನಿಲ್ಲಿಸುತ್ತದೆ.

ಪರೀಕ್ಷೆಗೆ ಹಣವೆಲ್ಲಿ, ಬಡ ದೇಶಕ್ಕೆ ಇದೆಲ್ಲ ಸಾಧ್ಯವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆನ್ನಲಾರೆ. ಈ ದ್ರಾವಕಗಳನ್ನು ಅಳೆಯಲು ಅನಿಲ ವರ್ಣರೇಖಕವೆಂಬ ಯಂತ್ರ ಬೇಕು, ಅದನ್ನು ನಡೆಸಬಲ್ಲ ತರಬೇತಾದ ಕೈ ಬೇಕು. ಮಾದರಿಯನ್ನು ಗಾಳಿಯ ಗುಳ್ಳೆಯೂ ಇಲ್ಲದಂತೆ ಸೀಸೆಯಲ್ಲಿ ತುಂಬಿ ತಂಪಾಗಿ ಸಾಗಿಸಬೇಕು. ಆದರೆ ಅಳೆಯದೆ ಸುರಿದ ಹಣ ಇದಕ್ಕಿಂತ ಅಗ್ಗವೇ? ಅಳೆಯಬೇಕೆಂಬ ನಿರ್ಬಂಧವೇ ನಮ್ಮಲ್ಲಿ ದುರ್ಬಲವಾಗಿದೆ. 2012ರಲ್ಲಿ ಪ್ರಕಟವಾದ ಭಾರತೀಯ ಕುಡಿಯುವ ನೀರಿನ ಮಾನಕದಲ್ಲಿ ಎಂಡೋಸಲ್ಫಾನ್, ಬಿ.ಎಚ್.ಸಿ.ಯ ನಾನಾ ರೂಪಗಳು, ಡಿ.ಡಿ.ಟಿ. ಮೊದಲಾದ ಕೀಟನಾಶಕಗಳಿಗೆ ಮಿತಿಯುಂಟು, ಕ್ಲೋರೋಫಾರಮಿಗೂ ಉಂಟು; ಟ್ರೈಕ್ಲೋರೋಎಥಿಲೀನ್, ಪರ್ಕ್ಲೋರೋಎಥಿಲೀನ್‌ಗಳ ಹೆಸರಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಪ್ರಯೋಗಶಾಲೆ ತಾನಾಗಿ ಏಕೆ ಹುಡುಕೀತು? ಈ ಹೆಸರುಗಳು ಪಟ್ಟಿಗೆ ಬರಬೇಕು. ಕೈಗಾರಿಕಾ ಪ್ರದೇಶಗಳ ಸುತ್ತಿನ ಬಾವಿಗಳಲ್ಲಿ ವರ್ಷಕ್ಕೆರಡು ಸಲ, ಬೇಸಗೆಯಲ್ಲೊಮ್ಮೆ ಮಳೆಗಾಲದ ಬಳಿಕ ಒಮ್ಮೆ, ಅಳತೆ ನಡೆಯಬೇಕು. ಶುದ್ಧಿಯ ಗುತ್ತಿಗೆಯಲ್ಲಿ ಹೋಲಿಕೆಯ ಬಾವಿ, ಬ್ರೋಮೈಡಿನಂಥ ಗುರುತುವಸ್ತು, ವಿನೈಲ್ ಕ್ಲೋರೈಡಿನ ಅಳತೆ ಈ ಮೂರನ್ನೂ ಕಡ್ಡಾಯ ಮಾಡಬೇಕು. ವಿದ್ಯೆಗೆ ನಮ್ಮಲ್ಲಿ ಬಡತನವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ, ಧಾರವಾಡ ಮತ್ತು ಗುಲಬರ್ಗದ ವಿಶ್ವವಿದ್ಯಾಲಯಗಳಲ್ಲಿ ಬೆಂಜೀನ್ ಬಳಗದ ವಸ್ತುಗಳನ್ನು ಒಡೆಯುವ ಬ್ಯಾಕ್ಟೀರಿಯಗಳನ್ನು ಕುರಿತು, ಮೈಸೂರಿನ ಆಹಾರ ತಂತ್ರವಿಜ್ಞಾನ ಸಂಶೋಧನಾಲಯದಲ್ಲಿ ಬಿ.ಎಚ್.ಸಿ.ಯನ್ನು ಒಡೆಯುವ ಬ್ಯಾಕ್ಟೀರಿಯಗಳನ್ನು ಕುರಿತು ಬೆಲೆಯುಳ್ಳ ಕೆಲಸ ನಡೆದಿದೆ. ಅದು ಗಾಜಿನ ಕುಪ್ಪಿಯಿಂದ ನಮ್ಮ ಕಲ್ಲುನೆಲದ ಬಾವಿಗೆ ಇಳಿಯಬೇಕು. ಮೊಫೆಟ್ ಫೀಲ್ಡಿನದು ಮರಳು ಜಲ್ಲಿಗಳ ನೆಲ. ನಮ್ಮದು ಬಿರುಕುಬಿಟ್ಟ ಬಂಡೆ. ಅಲ್ಲಿಯ ಅಂಕಿಗಳನ್ನು ತಂದು ಇಲ್ಲಿ ಅಂಟಿಸಲಾಗದು.

ನಮ್ಮ ಕಾಲೇಜಿನ ಪ್ರಯೋಗವನ್ನು ಮರುವರ್ಷ ಮತ್ತೆ ಹೂಡಿದೆವು. ಈ ಸಲ ರಬ್ಬರನ್ನು ಬಿಟ್ಟು ಟೆಫ್ಲಾನ್ ಹಚ್ಚಿದ ಮುಚ್ಚಳದ ಗಾಜಿನ ಸೀಸೆಗಳನ್ನು ತರಿಸಿದೆವು. ಜೀವವಿದ್ದ ಕೆಸರಿನವು ಮೂರು, ಬೇಯಿಸಿದ ಕೆಸರಿನವು ಮೂರು. ಹಿಂದಿನ ವರ್ಷದ ಆ ಹುಡುಗಿಯೇ ಸೀಸೆಗಳಿಗೆ ಸಂಖ್ಯೆ ಹಚ್ಚಿ, ಯಾವುದರಲ್ಲಿ ಯಾವ ಕೆಸರೆಂಬುದನ್ನು ನನಗೂ ತಿಳಿಯದಂತೆ ಬರೆದಿಟ್ಟಳು. ನಲವತ್ತನೆಯ ದಿನ ತೆರೆದರೆ ಆರರಲ್ಲಿಯೂ ಥಿನ್ನರಿನ ವಾಸನೆ ಗಮ್ಮೆಂದಿತು. ಹುಡುಗರ ಮುಖ ಸಪ್ಪೆಯಾಯಿತು. "ಏನೂ ಆಗಲಿಲ್ಲ ಎಂದು ಬರೆಯುವುದೇ, ಸರ್?" ಎಂದು ಒಬ್ಬ ಕೇಳಿದ. ಹಾಗೆಯೇ ಬರೆಯಿಸಿದೆ, ಕೆಳಗೆ ತಾರೀಖು ಹಾಕಿ ಎಲ್ಲರೂ ರುಜು ಮಾಡಿದರು.